ಐದು ವರ್ಷದ ಬಿ.ಆರ್ಕ್, ಹದಿನೈದು ವರ್ಷದ ಸಾಲ

ಮಗಳು ಪ್ಲಸ್ ಟು ಮುಗಿಸಿದ್ದಾಳೆ. ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ, ಗಣಿತಕ್ಕೆ ಹೆದರುವುದಿಲ್ಲ. ಆರ್ಕಿಟೆಕ್ಚರ್ ಓದುತ್ತೇನೆ ಅನ್ನುತ್ತಾಳೆ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಹಲವು ಕನ್ನಡ ಮನೆಗಳಲ್ಲಿ ಜೂನ್ ತಿಂಗಳ ಮಾತು ಇದೇ. ತಿರುವನಂತಪುರದ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕರೆ ಒಂದು ಲೆಕ್ಕ, ಕೊಚ್ಚಿಯ ಖಾಸಗಿ ಕಾಲೇಜಿನಲ್ಲಿ ಸಿಕ್ಕರೆ ಬೇರೆಯೇ ಲೆಕ್ಕ. ಬ್ಯಾಂಕಿನವರು ಸಾಲ ಕೊಡುತ್ತೇವೆ ಎನ್ನುತ್ತಾರೆ. ಕೊಟ್ಟ ಸಾಲವನ್ನು ತೀರಿಸುವಷ್ಟು ಸಂಬಳ ಬರುತ್ತದೆಯೇ ಎಂಬುದನ್ನು ಮಾತ್ರ ಮನೆಯವರೇ ಕೂತು ನೋಡಬೇಕು. ಪೆನ್ನು, ಹಾಳೆ ಹತ್ತಿರ ಇಟ್ಟುಕೊಳ್ಳಿ, ಒಟ್ಟಿಗೆ ನೋಡೋಣ.

ಮೊದಲು, ಯಾವ ಪದವಿಯ ಮಾತು ಇದು? ಆರ್ಕಿಟೆಕ್ಟ್, ಅಂದರೆ ಕಟ್ಟಡದ ವಿನ್ಯಾಸಕಾರ, ಆಗಬೇಕಾದರೆ ಓದಬೇಕಾದದ್ದು ಬಿ.ಆರ್ಕ್. ಐದು ವರ್ಷ, ಹತ್ತು ಸೆಮಿಸ್ಟರ್. ಅದರೊಳಗೆ ಯಾವುದಾದರೂ ಆರ್ಕಿಟೆಕ್ಟ್ ಆಫೀಸಿನಲ್ಲಿ ಕೂತು ಕೆಲಸ ಕಲಿಯುವ ತರಬೇತಿ ಅವಧಿಯೂ ಇದೆ. ಸಿವಿಲ್ ಎಂಜಿನಿಯರಿಂಗ್ ಬಿ.ಟೆಕ್ ಬೇರೆ, ಅದು ನಾಲ್ಕು ವರ್ಷ. ಗಲ್ಫಿನಲ್ಲಿರುವ ನೆಂಟರು ‘ಆರ್ಕಿಟೆಕ್ಚರಲ್ ಎಂಜಿನಿಯರಿಂಗ್’ ಎಂಬ ಇನ್ನೊಂದು ಹೆಸರು ಹೇಳಬಹುದು. ಅಲ್ಲಿನ ಮತ್ತು ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಆ ಹೆಸರಿನ ಪದವಿ ಇದೆ. ಕಟ್ಟಡದ ಕಂಬ, ತೊಲೆ, ಹವಾನಿಯಂತ್ರಣ, ಬೆಳಕಿನ ವ್ಯವಸ್ಥೆ ಇವುಗಳ ಎಂಜಿನಿಯರಿಂಗ್ ಅದರ ಮುಖ್ಯ ವಿಷಯ. ಹೆಸರಿನಲ್ಲಿ ಆರ್ಕಿಟೆಕ್ಚರ್ ಇದೆಯೆಂದು ಅದನ್ನು ಓದಿ ಬಂದರೆ ಇಲ್ಲಿ ಆರ್ಕಿಟೆಕ್ಟ್ ಆಗಲು ಸಾಲದು. ನಮ್ಮ ದೇಶದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ, ಮಾನ್ಯತೆ ಪಡೆದ ಪದವಿ ಇದ್ದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಮಾಡಿಸಿದವರು ಮಾತ್ರ ಆ ಹೆಸರನ್ನು ಬಳಸಬಹುದು.

ಈ ಕೌನ್ಸಿಲ್ ಸಾಲದ ಲೆಕ್ಕಕ್ಕೂ ಬರುತ್ತದೆ. ಕಾಲೇಜಿನವರು ತೋರಿಸುವ ಮಾನ್ಯತಾ ಪತ್ರಗಳಲ್ಲಿ ನೀವು ಹುಡುಕಬೇಕಾದದ್ದು ಇದರ ಒಪ್ಪಿಗೆಯನ್ನೇ. ಆರ್ಕಿಟೆಕ್ಚರ್ ಶಿಕ್ಷಣದ ವಿಷಯದಲ್ಲಿ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ ಎಐಸಿಟಿಇಗಿಂತ ಕೌನ್ಸಿಲಿನ ಮಾತೇ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಯಾವ ಕಾಲೇಜಿಗೆ ಎಷ್ಟು ಸೀಟಿಗೆ ಒಪ್ಪಿಗೆ ಇದೆ ಎಂಬ ಪಟ್ಟಿ ಕೌನ್ಸಿಲಿನ ಜಾಲತಾಣದಲ್ಲಿ ಇರುತ್ತದೆ. ಕಾಲೇಜಿನ ಹೆಸರು ಅಲ್ಲಿ ಇಲ್ಲದಿದ್ದರೆ ಸಾಲದ ಅರ್ಜಿಯವರೆಗೂ ಹೋಗುವುದು ಬೇಡ.

ಸೀಟು ಸಿಗುವ ದಾರಿ

ಕೇರಳದಲ್ಲಿ ಬಿ.ಆರ್ಕ್‌ಗೆ ಪ್ರವೇಶ ಕೊಡುವುದು ಪ್ರವೇಶ ಪರೀಕ್ಷಾ ಆಯುಕ್ತರ ಕಚೇರಿ. ಅರ್ಜಿ ರಾಜ್ಯದ ಪ್ರವೇಶ ವ್ಯವಸ್ಥೆಯಾದ ಕೀಮ್ ಮೂಲಕವೇ. ಆದರೆ ಎಂಜಿನಿಯರಿಂಗಿನವರು ಬರೆಯುವ ಪರೀಕ್ಷೆ ಇದಕ್ಕೆ ಬೇಡ. ಕೌನ್ಸಿಲ್ ನಡೆಸುವ ‘ನಾಟಾ’ ಎಂಬ ಅಭಿರುಚಿ ಪರೀಕ್ಷೆಯ ಅಂಕ ಮತ್ತು ಪ್ಲಸ್ ಟು ಅಂಕ, ಎರಡಕ್ಕೂ ಸಮಪಾಲು ಕೊಟ್ಟು ರ್‍ಯಾಂಕ್ ಪಟ್ಟಿ ಮಾಡುತ್ತಾರೆ. ಅಂದರೆ ಪ್ಲಸ್ ಟುವಿನ ಪ್ರತಿ ಅಂಕವೂ ಇಲ್ಲಿ ಹಣವೇ. ನಾಲ್ಕಾರು ಅಂಕ ಹೆಚ್ಚು ಬಂದು ಸರ್ಕಾರಿ ಸೀಟು ಸಿಕ್ಕಿದರೆ ಮುಂದೆ ಲಕ್ಷಗಳ ಸಾಲ ತಪ್ಪುತ್ತದೆ. ನಾಟಾ ತಯಾರಿಗೆ ಒಂದು ವರ್ಷ ಕಾಯಬೇಕೇ ಎಂದು ಕೆಲವರು ಕೇಳುತ್ತಾರೆ. ಖಾಸಗಿ ಕಾಲೇಜಿನ ಪೂರ್ತಿ ಶುಲ್ಕವನ್ನು ಸಾಲದಿಂದಲೇ ಕಟ್ಟುವ ಮನೆಯಾದರೆ, ನನ್ನ ಮಟ್ಟಿಗೆ ಅದು ದುಬಾರಿಯಾದ ವರ್ಷವಲ್ಲ.

ತಿರುವನಂತಪುರದಲ್ಲಿ ಶ್ರೀಕಾರ್ಯಂ ಬಳಿಯ ಕಾಲೇಜ್ ಆಫ್ ಎಂಜಿನಿಯರಿಂಗ್ ಇದೆ. 1939ರಲ್ಲಿ ತಿರುವಾಂಕೂರು ಅರಸರ ಕಾಲದಲ್ಲಿ ಶುರುವಾದದ್ದು, ಎಲ್ಲರ ಬಾಯಲ್ಲಿ ಸಿಇಟಿ. ನಮ್ಮ ಕರ್ನಾಟಕದ ನೆಂಟರು ಸಿಇಟಿ ಎಂದರೆ ಪರೀಕ್ಷೆ ಎಂದುಕೊಳ್ಳುತ್ತಾರೆ, ಅದು ಬೇರೆ. ಸರ್ಕಾರಿ ಬಿ.ಆರ್ಕ್ ಸೀಟುಗಳು ತೃಶ್ಶೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ಕೋಟ್ಟಯಂನ ಆರ್‌ಐಟಿಯಲ್ಲೂ ಇವೆ. ಕೊಲ್ಲಂನ ಟಿಕೆಎಂ ಅನುದಾನಿತ ಕಾಲೇಜು. ಕಾಸರಗೋಡಿಗೆ ಇವೆಲ್ಲಕ್ಕಿಂತ ಹತ್ತಿರ ಇರುವುದು ಕೋಝಿಕ್ಕೋಡಿನ ಎನ್‌ಐಟಿ. ಅದಕ್ಕೆ ಜೆಇಇ ಮೇನ್‌ನ ಬಿ.ಆರ್ಕ್ ಪತ್ರಿಕೆ ಬರೆಯಬೇಕು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಬಿ.ಆರ್ಕ್ ಇಲ್ಲ. ಮಂಗಳೂರಿನ ಖಾಸಗಿ ಕಾಲೇಜುಗಳಲ್ಲಿ ಇದೆ. ಮನೆಯಿಂದ ದಿನಾ ಹೋಗಿಬರಲು ಆಗುವಷ್ಟು ಹತ್ತಿರ ಇದ್ದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ. ಹಾಗಾಗಿ ಶುಲ್ಕ ಸ್ವಲ್ಪ ಹೆಚ್ಚಿದ್ದರೂ ಒಟ್ಟು ಲೆಕ್ಕ ಹಾಕಿ ನೋಡಿ.

ಖಾಸಗಿ ಕಾಲೇಜುಗಳು ಕೊಚ್ಚಿ ಸುತ್ತಮುತ್ತ, ವೈಟ್ಟಿಲ, ಆಲುವ ಕಡೆ ಹೆಚ್ಚು. ತಿರುವನಂತಪುರದ ಸುತ್ತಲೂ ಇವೆ.

ಖರ್ಚು ಎಲ್ಲೆಲ್ಲಿ?

ಸರ್ಕಾರಿ ಕಾಲೇಜಿನಲ್ಲಿ ವರ್ಷದ ಟ್ಯೂಶನ್ ಶುಲ್ಕ ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ. ಖಾಸಗಿಯಲ್ಲಿ ಲಕ್ಷಗಳ ಲೆಕ್ಕ. ಪ್ರತಿ ಕಾಲೇಜಿನಲ್ಲೂ ಸರ್ಕಾರಿ ಕೋಟಾ, ಮ್ಯಾನೇಜ್‌ಮೆಂಟ್ ಕೋಟಾ, ಅನಿವಾಸಿ ಕೋಟಾ ಎಂದು ಬೇರೆ ಬೇರೆ ದರ ಇರುತ್ತದೆ. ಆದ್ದರಿಂದ ಐದೂ ವರ್ಷದ ಶುಲ್ಕವನ್ನು ಒಂದೇ ಹಾಳೆಯಲ್ಲಿ ಬರೆದು, ಕಾಲೇಜಿನ ಮುದ್ರೆ ಹಾಕಿ ಕೊಡಲು ಕೇಳಿ. ಬ್ಯಾಂಕಿಗೂ ಅದೇ ಬೇಕು.

ಶುಲ್ಕ ಎಲ್ಲರಿಗೂ ಕಾಣುತ್ತದೆ. ಕಾಣದ ಖರ್ಚು ಈ ಓದಿನಲ್ಲಿ ಬೇರೆ ಕೋರ್ಸುಗಳಿಗಿಂತ ಹೆಚ್ಚು. ಡ್ರಾಯಿಂಗ್ ಹಾಳೆ, ಬಣ್ಣ, ಕತ್ತರಿಸುವ ಚಾಪೆ, ಮಾದರಿ ಮಾಡಲು ಬೋರ್ಡು ಬೇಕು. ಸೆಮಿಸ್ಟರ್ ಕೊನೆಗೆ ದೊಡ್ಡ ಹಾಳೆಯ ಬಣ್ಣದ ಪ್ರಿಂಟುಗಳು. ಪರೀಕ್ಷಕರು ಬದಲಿಸಿ ಎಂದರೆ ಮತ್ತೊಮ್ಮೆ ಪ್ರಿಂಟ್. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ರೆವಿಟ್, ಸ್ಕೆಚ್‌ಅಪ್‌ನಂಥ ತಂತ್ರಾಂಶಗಳು ಏದುಸಿರು ಬಿಡುತ್ತವೆ, ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಇರುವ ದುಬಾರಿ ಯಂತ್ರವೇ ಬೇಕು. ಅಧ್ಯಯನ ಪ್ರವಾಸಗಳಿಗೆ ಅಹಮದಾಬಾದ್, ಚಂಡೀಗಢ ಎಂದು ದೂರದ ಊರುಗಳಿಗೂ ಕರೆದೊಯ್ಯುತ್ತಾರೆ. ರಾತ್ರಿ ರೈಲಿನಲ್ಲಿ ಕಾಸರಗೋಡಿನಿಂದ ತಿರುವನಂತಪುರಕ್ಕೆ ಹೋಗಿಬರುವ ಖರ್ಚನ್ನೂ ಸೇರಿಸಿ. ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿ ಅದು. 2023ರಲ್ಲಿ ಬಂದ ವಂದೇ ಭಾರತ್ ರೈಲಿಗೂ ಸುಮಾರು ಎಂಟು ಗಂಟೆ ಬೇಕು, ಅದರ ಟಿಕೆಟ್ಟು ವಿದ್ಯಾರ್ಥಿಯ ಜೇಬಿಗೆ ಹೇಳಿ ಮಾಡಿಸಿದ್ದಲ್ಲ.

ಇವಕ್ಕೆಲ್ಲ ಸಾಲ ಸಿಗುತ್ತದೆಯೇ? ಸಿಗುತ್ತದೆ. ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಟ್ಯೂಶನ್ ಶುಲ್ಕದ ಜೊತೆಗೆ ಹಾಸ್ಟೆಲ್, ಪರೀಕ್ಷಾ ಶುಲ್ಕ, ಪುಸ್ತಕ, ಉಪಕರಣ, ಓದಿಗೆ ಅಗತ್ಯವಾದ ಕಂಪ್ಯೂಟರ್, ಅಧ್ಯಯನ ಪ್ರವಾಸ, ಪ್ರಾಜೆಕ್ಟ್ ಖರ್ಚು ಇವೂ ಸೇರುತ್ತವೆ. ಅರ್ಜಿ ಹಾಕುವಾಗಲೇ ಇವನ್ನು ಸೇರಿಸಬೇಕು. ಮೂರನೇ ವರ್ಷ ಲ್ಯಾಪ್‌ಟಾಪ್ ಕೆಟ್ಟಾಗ ನೆನಪಾಗಿ ಕೇಳಿದರೆ ಕೈಗೆ ಬರುವುದು ಹೆಚ್ಚು ಬಡ್ಡಿಯ ವೈಯಕ್ತಿಕ ಸಾಲ. ಹಾಗೆಂದು ಸಿಗುತ್ತದೆ ಎಂದು ಎಲ್ಲವನ್ನೂ ಸಾಲದಲ್ಲಿ ತುಂಬಬೇಡಿ.

ಸಾಲ ಬೆಳೆಯುವ ಬಗೆ

ಶಿಕ್ಷಣ ಸಾಲದ ನಿಯಮ ಸರಳ. ನಾಲ್ಕು ಲಕ್ಷದವರೆಗೆ ಅಡಮಾನವೂ ಬೇಡ, ಮನೆಯವರ ಪಾಲಿನ ಹಣವೂ ಬೇಡ. ಅದಕ್ಕಿಂತ ಹೆಚ್ಚಾದರೆ ದೇಶದೊಳಗಿನ ಓದಿಗೆ ಖರ್ಚಿನ ಶೇಕಡಾ 5ರಷ್ಟನ್ನು ನೀವು ಹಾಕಬೇಕು. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಕೇಂದ್ರ ಸರ್ಕಾರದ ಖಾತರಿ ನಿಧಿ ಇದೆ, ಅದರಡಿ ಜಾಗ ಅಡ ಇಡಬೇಕಾಗಿಲ್ಲ. ಅದನ್ನು ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಜಾಗದ ದಾಖಲೆ ಕೇಳುತ್ತದೆ. ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕುತ್ತಾರೆ. ಇದು ಸಾಕ್ಷಿ ಸಹಿ ಅಲ್ಲ. ಮಗಳು ಕಂತು ಕಟ್ಟದಿದ್ದರೆ ಬಾಕಿಯ ಕಲೆ ಇಬ್ಬರ ಸಿಬಿಲ್ ದಾಖಲೆಗೂ, ಅಂದರೆ ಸಾಲದ ಚರಿತ್ರೆಗೂ, ಹತ್ತುತ್ತದೆ.

ಓದುವ ಐದು ವರ್ಷ ಮತ್ತು ನಂತರದ ಒಂದು ವರ್ಷ ಕಂತು ಇಲ್ಲ. ಇದನ್ನು ಮೊರಟೋರಿಯಂ, ಅಂದರೆ ಮರುಪಾವತಿಯ ಬಿಡುವು, ಎನ್ನುತ್ತಾರೆ. ಅದಾದ ಮೇಲೆ ಗರಿಷ್ಠ 15 ವರ್ಷದಲ್ಲಿ ತೀರಿಸಬೇಕು. ಬಿಡುವು ಕಂತಿಗೆ ಮಾತ್ರ, ಬಡ್ಡಿಗೆ ಬಿಡುವಿಲ್ಲ ಎಂಬುದು ಹಲವರಿಗೆ ಕೊನೆಗೆ ಗೊತ್ತಾಗುತ್ತದೆ. ಆ ಆರು ವರ್ಷ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಕೊನೆಗೆ ಅದು ಅಸಲಿಗೆ ಸೇರುತ್ತದೆ.

ಲೆಕ್ಕ ಮಾಡೋಣ. ಬಡ್ಡಿ ಶೇಕಡಾ 10 ಎಂದು ಹಿಡಿಯಿರಿ. ನಿಜವಾದ ದರ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ, ರಿಸರ್ವ್ ಬ್ಯಾಂಕಿನ ರೆಪೊ ದರ ಏರಿಳಿದಂತೆ ನಡುವೆಯೂ ಬದಲಾಗುತ್ತದೆ. ಹೆಣ್ಣುಮಕ್ಕಳಿಗೆ ಹಲವು ಬ್ಯಾಂಕುಗಳು ಅರ್ಧ ಶೇಕಡಾ ಕಡಿಮೆ ಮಾಡುತ್ತವೆ. ಖಾಸಗಿ ಕಾಲೇಜು, ವರ್ಷಕ್ಕೆ 2 ಲಕ್ಷದಂತೆ ಐದು ವರ್ಷಕ್ಕೆ 10 ಲಕ್ಷ ಸಾಲ. ಮೊದಲ ವರ್ಷದ 2 ಲಕ್ಷಕ್ಕೆ ಆರು ವರ್ಷದ ಬಡ್ಡಿ, ಎರಡನೆಯದಕ್ಕೆ ಐದು, ಹೀಗೆ ಇಳಿಯುತ್ತ ಕೊನೆಯದಕ್ಕೆ ಎರಡು ವರ್ಷದ ಬಡ್ಡಿ. ಕೂಡಿಸಿದರೆ 4 ಲಕ್ಷ. ಕಂತು ಶುರುವಾಗುವ ದಿನ ಮಗಳ ಹೆಸರಿನಲ್ಲಿರುವುದು 10 ಲಕ್ಷ ಅಲ್ಲ, 14 ಲಕ್ಷ. 15 ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 15,045 ರೂಪಾಯಿ. ಒಟ್ಟು ಕಟ್ಟುವುದು 27 ಲಕ್ಷ ಚಿಲ್ಲರೆ. 10 ವರ್ಷದಲ್ಲಿ ತೀರಿಸುತ್ತೇವೆ ಎಂದರೆ ತಿಂಗಳ ಕಂತು ಸುಮಾರು 18,500, ಒಟ್ಟು 22 ಲಕ್ಷ ಚಿಲ್ಲರೆ.

ಸರ್ಕಾರಿ ಸೀಟಿನಲ್ಲಿ ಇದೇ ಲೆಕ್ಕ ನೋಡಿ. ಹಾಸ್ಟೆಲ್, ಸಾಮಗ್ರಿ, ಲ್ಯಾಪ್‌ಟಾಪ್ ಎಲ್ಲ ಸೇರಿ ವರ್ಷಕ್ಕೆ 60,000 ಸಾಲ ಮಾಡಿದಿರಿ ಎನ್ನೋಣ. ಐದು ವರ್ಷಕ್ಕೆ 3 ಲಕ್ಷ, ಬಡ್ಡಿ ಸೇರಿ 4.2 ಲಕ್ಷ. 10 ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 5,550. ಪದವಿ ಒಂದೇ, ನೋಂದಣಿ ಒಂದೇ, ಹೊರಗೆ ಬಂದ ಮೇಲೆ ಕೂರುವ ಆಫೀಸೂ ಒಂದೇ ಇರಬಹುದು. ಕಂತಿನಲ್ಲಿ ಮಾತ್ರ ಸುಮಾರು ಮೂರು ಪಟ್ಟು ಅಂತರ.

ಸಂಬಳದ ಕಡೆಯಿಂದ ನೋಡಿದರೆ

ಈಗ ಇನ್ನೊಂದು ಹಾಳೆ ತೆಗೆಯಿರಿ. ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ಹೊಸದಾಗಿ ಹೊರಬಂದ ಆರ್ಕಿಟೆಕ್ಟಿಗೆ ಸಣ್ಣ ಆಫೀಸುಗಳು ಕೊಡುವುದು ಸಾಮಾನ್ಯವಾಗಿ ತಿಂಗಳಿಗೆ 15ರಿಂದ 25 ಸಾವಿರದ ಸುತ್ತಮುತ್ತ. ದೊಡ್ಡ ಆಫೀಸು, ಬಿಲ್ಡರ್ ಕಂಪನಿಗಳಲ್ಲಿ ಸ್ವಲ್ಪ ಮೇಲೆ. ಐದು ವರ್ಷ ನಿದ್ದೆಗೆಟ್ಟು ಓದಿದವರಿಗೆ ಇಷ್ಟೇನಾ ಎಂದು ಬೇಸರವಾಗುವುದು ಸಹಜ. ಕಾರಣ ಇಷ್ಟೇ: ಹೆಚ್ಚಿನ ಆರ್ಕಿಟೆಕ್ಟ್ ಆಫೀಸುಗಳು ನಾಲ್ಕು, ಹತ್ತು ಮಂದಿಯ ಪುಟ್ಟ ಆಫೀಸುಗಳು. ಮಾಲೀಕರಿಗೇ ಗ್ರಾಹಕರಿಂದ ಹಣ ಹಂತಹಂತವಾಗಿ, ತಡವಾಗಿ ಬರುತ್ತದೆ. ಮೊದಲ ಎರಡು ಮೂರು ವರ್ಷ ಹೊಸಬರ ಕೆಲಸವನ್ನು ಅವರು ಕಲಿಕೆ ಎಂದೇ ಎಣಿಸುತ್ತಾರೆ.

ಇನ್ನೊಂದು ಕಾರಣ ಕಾನೂನಿನದು. ಆರ್ಕಿಟೆಕ್ಟ್ ಎಂಬ ಹೆಸರಿಗೆ ರಕ್ಷಣೆ ಇದೆ, ಆ ಕೆಲಸಕ್ಕೆ ಇಲ್ಲ. ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ, ಆದರೆ ಕಟ್ಟಡದ ವಿನ್ಯಾಸ ಮಾಡುವುದನ್ನು ಕಾಯ್ದೆ ತಡೆಯುವುದಿಲ್ಲ ಎಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಕೇರಳದ ಕಟ್ಟಡ ನಿಯಮಗಳಲ್ಲೂ ಆರ್ಕಿಟೆಕ್ಟ್ ಜೊತೆಗೆ ಎಂಜಿನಿಯರ್, ಬಿಲ್ಡಿಂಗ್ ಡಿಸೈನರ್, ಸೂಪರ್‌ವೈಸರ್ ಎಂದು ಲೈಸೆನ್ಸಿಗಳ ವರ್ಗಗಳಿವೆ. ತಮ್ಮ ತಮ್ಮ ಮಿತಿಯೊಳಗೆ ಅವರೂ ನಕ್ಷೆಗೆ ಸಹಿ ಹಾಕಬಹುದು. ನಮ್ಮ ಊರುಗಳಲ್ಲಿ ಮನೆ ಕಟ್ಟುವವರು ನಕ್ಷೆಗೆ ಹೋಗುವುದು ಪೇಟೆಯ ಎಂಜಿನಿಯರ ಆಫೀಸಿಗೆ. ಆದ್ದರಿಂದ ಓದು ಮುಗಿಸಿ ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಬೋರ್ಡು ಹಾಕಿ ಕೂರುತ್ತೇನೆ ಎಂಬ ಯೋಜನೆ ಇದ್ದರೆ, ಸಾಲ ತೀರುವವರೆಗೆ ಅದನ್ನು ಮುಂದೂಡುವುದು ಲೇಸು.

ಹಾಗಾದರೆ ಈ ಓದಿಗೆ ಆದಾಯವೇ ಇಲ್ಲವೇ? ಇದೆ, ತಡವಾಗಿ ಬರುತ್ತದೆ. ಅಡಿಕೆ ಸಸಿ ನೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಗೊನೆ ಬಿಡುವ ಮೊದಲೇ ಗೊಬ್ಬರದ ಖರ್ಚು ಬರುತ್ತದೆ. ಸ್ವಂತವಾಗಿ ಯೋಜನೆ ನಡೆಸಬಲ್ಲ, ಗ್ರಾಹಕರನ್ನು ತರಬಲ್ಲ ಹಂತಕ್ಕೆ ಬಂದವರ ಗಳಿಕೆ ಮೊದಲ ಸಂಬಳಕ್ಕೆ ಹೋಲಿಕೆಯಾಗದಷ್ಟು ಬೆಳೆಯಬಹುದು. ತಿರುವನಂತಪುರದ ಸಿಇಟಿಯಲ್ಲಿ ಓದಿದ ಜಿ. ಶಂಕರ್ 1987ರಲ್ಲಿ ಶುರು ಮಾಡಿದ ಹ್ಯಾಬಿಟಾಟ್ ಸಂಸ್ಥೆ ದೇಶದಲ್ಲೇ ಹೆಸರಾಗಿದೆ. ಅದೇ ಊರಿನಲ್ಲಿ ಲಾರಿ ಬೇಕರ್ ಕಡಿಮೆ ಖರ್ಚಿನ ಇಟ್ಟಿಗೆ ಮನೆಗಳನ್ನು ಕಟ್ಟಿ ಒಂದು ಪರಂಪರೆಯನ್ನೇ ಬಿಟ್ಟು ಹೋದರು. ಆದರೆ ಇಂಥ ಹೆಸರುಗಳನ್ನು ಕಾಲೇಜಿನ ಕೈಪಿಡಿಯಲ್ಲಿ ನೋಡಿ ಸಾಲದ ಲೆಕ್ಕ ಹಾಕಬೇಡಿ. ಲೆಕ್ಕಕ್ಕೆ ಬೇಕಾದದ್ದು ನಡುವಿನ ಸಾಲಿನಲ್ಲಿ ನಿಲ್ಲುವ ವಿದ್ಯಾರ್ಥಿಯ ಸಂಬಳ.

ತೊಂದರೆ ಎಲ್ಲಿದೆ ಎಂದು ಈಗ ಕಾಣುತ್ತದೆ. ಸಾಲದ ಕಂತು ಪದವಿ ಮುಗಿದ ಎರಡನೇ ವರ್ಷಕ್ಕೇ ಪೂರ್ತಿ ಗಾತ್ರದಲ್ಲಿ ಬಂದು ನಿಲ್ಲುತ್ತದೆ. ಆರ್ಕಿಟೆಕ್ಟಿನ ಕೈ ತೀರ ಬಿಗಿಯಾಗಿರುವ ವರ್ಷಗಳೂ ಅವೇ. 20,000 ಸಂಬಳದಲ್ಲಿ 15,045 ಕಂತು ಕಟ್ಟಿದರೆ ಕೈಯಲ್ಲಿ ಉಳಿಯುವುದು 5,000ಕ್ಕೂ ಕಡಿಮೆ. ಕೊಚ್ಚಿಯ ಕಾಕ್ಕನಾಡ್‌ನಲ್ಲಿ ಪಿ.ಜಿ. ಬಾಡಿಗೆಗೂ ಅದು ಸಾಲದು.

ಆದ್ದರಿಂದ ಲೆಕ್ಕವನ್ನು ತಲೆಕೆಳಗಾಗಿ ಮಾಡಿ. ಮೊದಲ ಕೆಲಸದ ಸಂಬಳ 22,500 ಎಂದು ಹಿಡಿಯಿರಿ. ಅದರ ಮೂರರಲ್ಲಿ ಒಂದು ಪಾಲು, 7,500, ಕಂತಿಗೆ ಹೋಗಲಿ. ಇದೇ ಬಿಗಿ, ಇದಕ್ಕಿಂತ ಹೆಚ್ಚು ಬೇಡ. ಶೇಕಡಾ 10ರ ಬಡ್ಡಿಯಲ್ಲಿ 15 ವರ್ಷ 7,500 ಕಟ್ಟಿದರೆ ತೀರುವ ಸಾಲ ಸುಮಾರು 7 ಲಕ್ಷ. ಓದುವಾಗ ಸೇರಿದ ಬಡ್ಡಿಯನ್ನು ಅದರಿಂದ ತೆಗೆದರೆ ಅಸಲು 5 ಲಕ್ಷ. ಅಂದರೆ ವರ್ಷಕ್ಕೆ 1 ಲಕ್ಷ. ಬಡ್ಡಿಗೆ ಯಾವ ಸಹಾಯವೂ ಸಿಗದ, ಬೇರೆ ಆದಾಯವೂ ಇಲ್ಲದ ಮನೆಗೆ ಬಿ.ಆರ್ಕ್‌ಗಾಗಿ ಸಾಲ ಮಾಡಬಹುದಾದ ಮೇಲಿನ ಗೆರೆ ನನ್ನ ಪ್ರಕಾರ ಇದು. ನಿಮ್ಮ ಬ್ಯಾಂಕಿನ ದರ, ನೀವು ವಿಚಾರಿಸಿದ ಸಂಬಳ ಹಾಕಿ ಇದೇ ಕ್ರಮದಲ್ಲಿ ನಿಮ್ಮ ಗೆರೆ ಕಂಡುಕೊಳ್ಳಿ. ಖರ್ಚು ಅದಕ್ಕಿಂತ ಹೆಚ್ಚಾದರೆ ಹೆಚ್ಚಾದ ಪಾಲು ಉಳಿತಾಯದಿಂದಲೋ ತೋಟದ ಆದಾಯದಿಂದಲೋ ಬರಬೇಕು.

ಸಂಬಳ ವಿಚಾರಿಸುವುದು ಎಲ್ಲಿ ಎಂದು ಕೇಳುತ್ತೀರಿ. ಕಾಲೇಜಿನ ಪ್ಲೇಸ್‌ಮೆಂಟ್ ಹಾಳೆಯಲ್ಲಿ ಅತಿ ಹೆಚ್ಚು ಸಂಬಳ ದಪ್ಪಕ್ಷರದಲ್ಲಿರುತ್ತದೆ, ಅದನ್ನು ಬಿಡಿ. ಅದೇ ಕಾಲೇಜಿನಿಂದ ಎರಡು ವರ್ಷದ ಹಿಂದೆ ಹೊರಬಂದ ಒಬ್ಬರನ್ನೂ ಏಳೆಂಟು ವರ್ಷ ಆದ ಒಬ್ಬರನ್ನೂ ಹುಡುಕಿ ಮಾತಾಡಿ. ಮೊದಲ ಕೆಲಸಕ್ಕೆ ಎಷ್ಟು ತಿಂಗಳು ಕಾದಿರಿ, ಈಗ ಎಷ್ಟು ಬರುತ್ತದೆ, ತಿಂಗಳ ಸಂಬಳ ತಿಂಗಳಿಗೇ ಸಿಗುತ್ತದೆಯೇ ಎಂದು ಕೇಳಿ. ಮೂರನೆಯ ಪ್ರಶ್ನೆ ಬಿಡಬೇಡಿ.

ಎರಡು ಊರುಗಳ ಕೆಲಸದ ಸ್ವಭಾವವೂ ಬೇರೆ. ಕೊಚ್ಚಿಯಲ್ಲಿ ಫ್ಲ್ಯಾಟು, ವಿಲ್ಲಾ, ರೆಸಾರ್ಟು, ಒಳಾಂಗಣ ವಿನ್ಯಾಸದ ಕೆಲಸ ಹೆಚ್ಚು. ಹಣ ಓಡಾಡುವ ಊರು, ಬಾಡಿಗೆಯೂ ಹಾಗೆಯೇ. ತಿರುವನಂತಪುರದಲ್ಲಿ ಸರ್ಕಾರಿ ಕಟ್ಟಡ, ಸಂಸ್ಥೆಗಳ ಕ್ಯಾಂಪಸ್ಸು, ಬೇಕರ್ ದಾರಿಯ ಕಡಿಮೆ ಖರ್ಚಿನ ಕಟ್ಟಡಗಳ ಕೆಲಸ ಸಿಗುತ್ತದೆ. ಲೋಕೋಪಯೋಗಿ ಇಲಾಖೆಯಲ್ಲಿ ಆರ್ಕಿಟೆಕ್ಚರ್ ವಿಭಾಗ ಇದೆ, ಪಿಎಸ್‌ಸಿ ಮೂಲಕ ಸೇರಬಹುದು, ಆದರೆ ಹುದ್ದೆಗಳು ಕೆಲವೇ. ಎರಡೂ ಊರಿನ ಐಟಿ ಪಾರ್ಕುಗಳ ಕಡೆ ಬಿಐಎಂ ಎಂಬ ಕೆಲಸ ಇದೆ. ಕಟ್ಟಡದ ಗೋಡೆ, ಪೈಪು, ತಂತಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿಯಾಗಿ ಕೂಡಿಸುವುದು ಅದು. ವಿದೇಶದ ಯೋಜನೆಗಳಿಗೆ ಇಲ್ಲಿಂದಲೇ ಮಾಡಿಕೊಡುತ್ತಾರೆ. ವಿನ್ಯಾಸದ ಕನಸಿದ್ದವರಿಗೆ ಸಪ್ಪೆ ಅನ್ನಿಸಬಹುದು, ಸಂಬಳ ಮಾತ್ರ ತಿಂಗಳ ಕೊನೆಗೆ ಸರಿಯಾಗಿ ಬರುತ್ತದೆ. ಸಾಲ ಇರುವ ಮೊದಲ ನಾಲ್ಕು ವರ್ಷ ಅಲ್ಲಿ ದುಡಿದು ಆಮೇಲೆ ವಿನ್ಯಾಸದ ಆಫೀಸಿಗೆ ಹೋಗುವುದೂ ಒಂದು ದಾರಿ. ಗಲ್ಫ್ ಇನ್ನೊಂದು. ಅದಕ್ಕೂ ಇಲ್ಲಿನ ಎರಡು ಮೂರು ವರ್ಷದ ಅನುಭವ ಕೇಳುತ್ತಾರೆ, ಕಂತು ಅಷ್ಟರೊಳಗೆ ಶುರುವಾಗಿರುತ್ತದೆ.

ಸಿವಿಲ್ ಎಂಜಿನಿಯರಿಂಗ್ ಓದಿದರೆ ಹೇಗೆ? ವರ್ಷಕ್ಕೆ 1 ಲಕ್ಷದಂತೆ ನಾಲ್ಕೇ ವರ್ಷದ ಸಾಲ, ಬಡ್ಡಿ ಸೇರಿ 5.4 ಲಕ್ಷ, 15 ವರ್ಷದ ಕಂತು ಸುಮಾರು 5,800. ಒಂದು ವರ್ಷ ಮೊದಲೇ ಸಂಬಳ. ಮೊದಲ ಸಂಬಳದಲ್ಲಿ ಆರ್ಕಿಟೆಕ್ಟಿಗಿಂತ ದೊಡ್ಡ ಅಂತರವೇನೂ ಇರುವುದಿಲ್ಲ, ಸರ್ಕಾರಿ ಹುದ್ದೆಗಳು ಮಾತ್ರ ಹೆಚ್ಚು. ಲೆಕ್ಕದಲ್ಲಿ ಸಿವಿಲ್ ಮುಂದೆ. ಆದರೆ ವಿನ್ಯಾಸದ ಹುಚ್ಚು ಇರುವ ಮಗುವನ್ನು ಲೆಕ್ಕಕ್ಕಾಗಿ ಸಿವಿಲ್‌ಗೆ ನೂಕಿ ಎಂದು ನಾನು ಹೇಳಲಾರೆ.

ಭಾರ ಇಳಿಸುವ ಉಪಾಯಗಳು

ಸರ್ಕಾರದ ಬಡ್ಡಿ ಸಹಾಯ ಇವುಗಳಲ್ಲಿ ದೊಡ್ಡದು. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ, ವೃತ್ತಿಪರ ಕೋರ್ಸಿನ 10 ಲಕ್ಷದವರೆಗಿನ ಸಾಲಕ್ಕೆ ಬಿಡುವಿನ ಅವಧಿಯ ಪೂರ್ತಿ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ ಇದೆ. ಮೇಲಿನ ಲೆಕ್ಕದ 4 ಲಕ್ಷ ಬಡ್ಡಿ ಪೂರ್ತಿ ಮಾಯವಾಗುತ್ತದೆ, ಕಂತು 15,045ರಿಂದ ಸುಮಾರು 10,750ಕ್ಕೆ ಇಳಿಯುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಕಾಲೇಜಿಗೆ ಸೇರಿದವರಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಇಲ್ಲದವರಿಗೆ ಬಡ್ಡಿಯಲ್ಲಿ ಶೇಕಡಾ 3 ರಿಯಾಯಿತಿ. ಇದು ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಎರಡಕ್ಕೂ ಕಾಲೇಜಿನ ಮಾನ್ಯತೆ ಅಥವಾ ರ್‍ಯಾಂಕಿಂಗ್ ನೋಡುತ್ತಾರೆ. ಸೀಟು ಒಪ್ಪಿಕೊಳ್ಳುವ ಮೊದಲೇ ವಿದ್ಯಾಲಕ್ಷ್ಮಿ ಪೋರ್ಟಲಿನ ಪಟ್ಟಿಯಲ್ಲಿ ಕಾಲೇಜಿನ ಹೆಸರು ಹುಡುಕಿ. ಹೆಚ್ಚಿನವರು ಸೇರಿ ಆದ ಮೇಲೆ ಹುಡುಕುತ್ತಾರೆ.

ಸಹಾಯ ಸಿಗದವರು ಓದುವಾಗಲೇ ಬಡ್ಡಿಯನ್ನು ಕಟ್ಟುತ್ತ ಹೋಗಬಹುದು. 10 ಲಕ್ಷದ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ 1,670ರಷ್ಟು, ಮೂರನೇ ವರ್ಷ 5,000, ಐದನೇ ವರ್ಷ 8,330ರಷ್ಟು ಆಗುತ್ತದೆ. ಹೀಗೆ ಕಟ್ಟಿದರೆ ಒಟ್ಟಾರೆ ಮೂರೂವರೆ ಲಕ್ಷಕ್ಕಿಂತ ಹೆಚ್ಚು ಉಳಿಯುತ್ತದೆ. ಬಿಡುವಿನಲ್ಲೇ ಬಡ್ಡಿ ಕಟ್ಟುವವರಿಗೆ ಮಾದರಿ ಯೋಜನೆಯಲ್ಲಿ ಶೇಕಡಾ 1 ರಿಯಾಯಿತಿಗೂ ಅವಕಾಶ ಇದೆ, ಕೇಳಿ ಪಡೆಯಿರಿ. ಪೂರ್ತಿ ಆಗದಿದ್ದರೆ ಅರ್ಧವಾದರೂ ಕಟ್ಟಿ.

ಇನ್ನೂ ಎರಡು ಸೌಲಭ್ಯಗಳನ್ನು ಬ್ಯಾಂಕಿನವರು ತಾವಾಗಿ ಹೇಳುವುದು ಕಡಿಮೆ. ಒಂದು ಏರುವ ಕಂತು: ಮೊದಲ ವರ್ಷಗಳಲ್ಲಿ ಸಣ್ಣದಾಗಿ ಶುರುವಾಗಿ ಸಂಬಳದ ಜೊತೆ ಬೆಳೆಯುತ್ತದೆ. ತಡವಾಗಿ ಗಳಿಸುವ ಆರ್ಕಿಟೆಕ್ಟಿಗೆ ಹೇಳಿ ಮಾಡಿಸಿದ್ದು, ಒಟ್ಟು ಬಡ್ಡಿ ಸ್ವಲ್ಪ ಹೆಚ್ಚಾದರೂ ಸರಿ. ಇನ್ನೊಂದು, ಕೆಲಸ ಹೋದರೆ ಆರು ತಿಂಗಳ ಬಿಡುವು ಕೇಳುವ ಅವಕಾಶ. ಎರಡೂ ಮಾದರಿ ಯೋಜನೆಯಲ್ಲಿವೆ, ಕೊಡುವುದು ಬ್ಯಾಂಕಿನ ವಿವೇಚನೆ. ಸಾಲ ಮಂಜೂರಾಗುವಾಗಲೇ ಮಾತಾಡಿ, ಕಾಗದದಲ್ಲಿ ಬರೆಸಿಕೊಳ್ಳಿ. ಸಾಲದ ಜೊತೆ ವಿಮೆ ಮಾಡಿಸಿ ಎಂದೂ ಹೇಳುತ್ತಾರೆ. ಪ್ರೀಮಿಯಂ ಸಾಲಕ್ಕೇ ಸೇರಿ ಅದಕ್ಕೂ ಬಡ್ಡಿ ಓಡುತ್ತದೆಯೇ ಎಂದು ನೋಡಿ ಒಪ್ಪಿ.

ತೆರಿಗೆ ರಿಯಾಯಿತಿಯ ಮಾತನ್ನು ನೆಚ್ಚಬೇಡಿ. ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷದವರೆಗೆ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ತಿಂಗಳಿಗೆ 22 ಸಾವಿರ ಸಂಬಳದವರಿಗೆ ತೆರಿಗೆಯೇ ಬರುವುದಿಲ್ಲ. ಸರ್ಕಾರ ಮುಂದೆ ಸಾಲ ಮನ್ನಾ ಮಾಡೀತು ಎಂಬ ಆಸೆಯೂ ಬೇಡ. ಕೇರಳ ಸರ್ಕಾರ 2017ರಲ್ಲಿ 900 ಕೋಟಿ ರೂಪಾಯಿಯ ಮರುಪಾವತಿ ಸಹಾಯ ಯೋಜನೆ ತಂದದ್ದು ನಿಜ, ಅದು ಆಗ ಬಾಕಿ ಬಿದ್ದಿದ್ದ ಹಳೆಯ ಸಾಲಗಳಿಗೆ.

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಸಾಲಕ್ಕೆ ಮೊದಲು ಇ-ಗ್ರಾಂಟ್ಸ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಹಿಂದುಳಿದ ವರ್ಗದವರಿಗೆ ಕೇರಳ ರಾಜ್ಯ ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ, ಅಲ್ಪಸಂಖ್ಯಾತರಿಗೆ ಅವರ ನಿಗಮ ಕಡಿಮೆ ಬಡ್ಡಿಗೆ ಸಾಲ ಕೊಡುತ್ತವೆ. ಕರ್ನಾಟಕದ ಅರಿವು ಸಾಲ ಅಲ್ಲಿನ ನಿವಾಸಿಗಳಿಗೆ ಮಾತ್ರ. ಕನ್ನಡ ಮಾತಾಡುತ್ತೇವೆ ಎಂದು ಕಾಸರಗೋಡಿನವರಿಗೆ ಅದು ಬರುವುದಿಲ್ಲ.

ಅರ್ಜಿ ಎಲ್ಲಿ, ಹೇಗೆ

ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಒಂದೇ ಅರ್ಜಿ ತುಂಬಿ ಬೇಕಾದ ಬ್ಯಾಂಕಿಗೆ ಕಳಿಸಬಹುದು. ಕಂಪ್ಯೂಟರ್ ಕಷ್ಟವಾದರೆ ಅಕ್ಷಯ ಕೇಂದ್ರಕ್ಕೆ ಹೋಗಿ. ಆದಾಯ ಪ್ರಮಾಣಪತ್ರಕ್ಕೂ ಅಲ್ಲಿಂದಲೇ ವಿಲ್ಲೇಜ್ ಆಫೀಸಿಗೆ ಅರ್ಜಿ ಕೊಡಬಹುದು. ಅಲಾಟ್‌ಮೆಂಟ್ ಮೆಮೊ, ಕಾಲೇಜಿನ ಐದು ವರ್ಷದ ಶುಲ್ಕದ ವಿವರ, ಎಸ್‌ಎಸ್‌ಎಲ್‌ಸಿ ಮತ್ತು ಪ್ಲಸ್ ಟು ಅಂಕಪಟ್ಟಿ, ನಾಟಾ ಅಂಕಪತ್ರ, ಇಬ್ಬರ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಸಿದ್ಧವಿರಲಿ. ಮನೆಯವರ ಖಾತೆ ಇರುವ ಹತ್ತಿರದ ಶಾಖೆಯೇ ಸುಲಭ. ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ಮಾಡಿದರೆ ಪ್ರತಿ ಸಹಿಗೂ ರೈಲು ಹತ್ತಬೇಕಾಗುತ್ತದೆ.

ನಮ್ಮ ವ್ಯಾಪ್ತಿಗೆ ನಿಮ್ಮ ಮನೆ ಬರುವುದಿಲ್ಲ ಎಂದು ಶಾಖೆಯವರು ವಾಪಸ್ ಕಳಿಸಿದರೆ ಒಪ್ಪಬೇಡಿ. ಆ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ತಂದೆಯ ಸಿಬಿಲ್ ಅಂಕ ಕಡಿಮೆ ಎಂದರೆ, ಕೇರಳ ಹೈಕೋರ್ಟು 2020ರಲ್ಲಿ ಕೊಟ್ಟ ತೀರ್ಪನ್ನು ನೆನಪಿಸಿ: ಹೆತ್ತವರ ಹಳೆಯ ಸಾಲದ ಚರಿತ್ರೆಯಲ್ಲ, ಓದಿದ ಮೇಲೆ ವಿದ್ಯಾರ್ಥಿಗೆ ತೀರಿಸುವ ಶಕ್ತಿ ಬರುತ್ತದೆಯೇ ಎಂಬುದನ್ನು ನೋಡಬೇಕು ಎಂದಿತ್ತು. 2023ರಲ್ಲಿ ವಿದ್ಯಾರ್ಥಿಯದೇ ಸಿಬಿಲ್ ಅಂಕದ ವಿಷಯದಲ್ಲೂ ಅದೇ ಬಗೆಯ ಆದೇಶ ಬಂದಿದೆ. ನಿರಾಕರಣೆಯನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ ಕಾರಣ ಬರೆದುಕೊಡಲು ಕೇಳಿ. ಮೊದಲು ಬ್ಯಾಂಕಿನ ಮೇಲಧಿಕಾರಿಗೆ ದೂರು, ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ.

ಸಾಲ ಸಿಕ್ಕಿದ ಮೇಲೆ ಪ್ರತಿ ಏಪ್ರಿಲಿನಲ್ಲಿ ಶಾಖೆಗೆ ಹೋಗಿ ಹಿಂದಿನ ವರ್ಷ ಸೇರಿದ ಬಡ್ಡಿಯ ವಿವರವನ್ನು ಮುದ್ರಿಸಿ ಪಡೆಯಿರಿ. ಬಡ್ಡಿ ಸಹಾಯ ಮಂಜೂರಾಗಿದ್ದರೆ ಅದು ಖಾತೆಗೆ ಬಂದಿದೆಯೇ ಎಂದು ಆ ಕಾಗದದಲ್ಲೇ ನೋಡಿ. ಬಂದಿರದಿದ್ದರೆ ಆದಾಯ ಪ್ರಮಾಣಪತ್ರದ ಪ್ರತಿ ಇಟ್ಟು ಅವತ್ತೇ ಮನವಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.